ಮನಸ್ಸಿನ ಉಬ್ಬರವಿಳಿತ

ಹಬ್ಬದ ದಿನ ಮನಸ್ಸು ಅರಳುವುದು, ಆಪ್ತರು ಅಗಲಿದಾಗ ಕುಗ್ಗುವುದು ಮನುಷ್ಯನಿಗೆ ಸಹಜ. ಸಮುದ್ರಕ್ಕೆ ಇರುವಂತೆ ಮನಸ್ಸಿಗೂ ಉಬ್ಬರವಿಳಿತಗಳುಂಟು. ಆದರೆ ಉಬ್ಬಿದ ನೀರು ದಡವನ್ನು ಮೀರಿ ಊರೊಳಗೆ ನುಗ್ಗಿದರೆ, ಇಳಿದ ನೀರು ಬಹುಕಾಲ ಮರಳಿ ಬಾರದೆ ಹೋದರೆ ಅದನ್ನು ಸಹಜವೆನ್ನಲಾಗದು. ಕೆಲವರ ಮನಸ್ಸಿನಲ್ಲಿ ಇಂತಹ ವಿಪರೀತವಾದ ಏರಿಳಿತ ಕಂಡುಬರುತ್ತದೆ. ಇದೊಂದು ರೋಗ. ಒಂದು ತುದಿಯಲ್ಲಿ ಉನ್ಮಾದವೂ ಇನ್ನೊಂದು ತುದಿಯಲ್ಲಿ ಖಿನ್ನತೆಯೂ ಇರುವುದರಿಂದ ಇದಕ್ಕೆ ದ್ವಿಧ್ರುವ ಮನೋರೋಗವೆಂದು ಹೆಸರು. ಬೈಪೋಲಾರ್ ಕಾಯಿಲೆ ಎಂದೂ ಇದನ್ನು ಕರೆಯುವುದುಂಟು.

ಉನ್ಮಾದವೇರಿದಾಗ ರೋಗಿಯು ರೋಗಿಯಂತೆ ತೋರುವುದೇ ಇಲ್ಲ. ಎಂದೂ ಇಲ್ಲದ ಉತ್ಸಾಹದಿಂದ ಓಡಾಡುತ್ತಾನೆ. ರಾತ್ರಿ ಎರಡು ಮೂರು ಗಂಟೆ ಮಾತ್ರ ನಿದ್ರಿಸಿದರೂ ಆಯಾಸವೆನ್ನುವುದಿಲ್ಲ. ಒಂದು ಮಾತು ಮುಗಿಯುವ ಮುನ್ನವೇ ಇನ್ನೊಂದಕ್ಕೆ ಹಾರುತ್ತಾನೆ. ತನಗೆ ಅಸಾಧ್ಯವಾದುದು ಯಾವುದೂ ಇಲ್ಲವೆಂದು ಬಗೆದು, ಸಾಲ ತಂದಾದರೂ ಹಣವನ್ನು ನೀರಿನಂತೆ ಚೆಲ್ಲುತ್ತಾನೆ. ತಡೆದವರ ಮೇಲೆ ಸಿಡಿದೇಳುತ್ತಾನೆ. ಇಂತಹ ಸ್ಥಿತಿ ಒಂದು ವಾರವಾದರೂ ಎಡೆಬಿಡದೆ ಇದ್ದರೆ ವೈದ್ಯರು ಅದನ್ನು ಉನ್ಮಾದವೆಂದು ಗುರುತಿಸುತ್ತಾರೆ.

ಕೆಲಕಾಲದ ಮೇಲೆ ಅದೇ ವ್ಯಕ್ತಿ ಮಂಕಾಗಿ ಮೂಲೆ ಹಿಡಿಯುತ್ತಾನೆ. ಊಟ ರುಚಿಸದು, ಅಚ್ಚುಮೆಚ್ಚಿನ ಕೆಲಸವೂ ಬೇಡವಾಗುತ್ತದೆ. ಎಲ್ಲ ತಪ್ಪೂ ತನ್ನದೇ ಎಂದು ಕೊರಗುತ್ತಾನೆ. ಬದುಕೇ ಬೇಡವೆಂಬ ಯೋಚನೆಯೂ ಸುಳಿಯಬಹುದು. ಎರಡು ವಾರಕ್ಕೂ ಮೀರಿದ ಇಂತಹ ಕುಗ್ಗುವಿಕೆ ಖಿನ್ನತೆಯ ಲಕ್ಷಣ. ಈ ಎರಡು ಸ್ಥಿತಿಗಳ ನಡುವೆ ಆತನು ಎಲ್ಲರಂತೆ ಇರುವ ಕಾಲವೂ ಉಂಟು.

ರೋಗವು ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ತಲೆದೋರುತ್ತದೆ. ಏರಿದಾಗ ‘ಸೊಕ್ಕು’ ಎಂದೂ ಇಳಿದಾಗ ‘ಸೋಮಾರಿತನ’ ಎಂದೂ ಮನೆಯವರು ಭಾವಿಸುತ್ತಾರೆ. ಗ್ರಹಚಾರವೆಂದು, ಗಾಳಿ ಸೋಕಿತೆಂದು ಕಾಲ ಕಳೆಯುವವರೂ ಇದ್ದಾರೆ. ರೋಗಿಯಾದರೋ ಕುಗ್ಗಿದಾಗ ಮಾತ್ರ ವೈದ್ಯರ ಬಳಿಗೆ ಹೋಗುತ್ತಾನೆ. ಹಿಂದಿನ ಉತ್ಸಾಹವನ್ನು ಕಾಯಿಲೆಯೆಂದು ತಿಳಿಯದೆ ಅದರ ಸುದ್ದಿಯನ್ನೇ ಎತ್ತುವುದಿಲ್ಲ. ಖಿನ್ನತೆಯೊಂದಕ್ಕೇ ಔಷಧ ಕೊಟ್ಟರೆ ಕೆಲವರಲ್ಲಿ ಉನ್ಮಾದ ಕೆರಳುವ ಅಪಾಯವುಂಟು. ಆದುದರಿಂದಲೇ ಅನುಭವಸ್ಥ ವೈದ್ಯರು ಮನೆಯವರನ್ನೂ ಕೂರಿಸಿಕೊಂಡು ಹಿಂದಿನದನ್ನೆಲ್ಲ ವಿಚಾರಿಸುತ್ತಾರೆ.

ಈ ರೋಗವನ್ನು ಹತೋಟಿಯಲ್ಲಿಡಬಲ್ಲ ಔಷಧವು ಬಹುಕಾಲ ವೈದ್ಯರಿಗೆ ತಿಳಿದಿರಲಿಲ್ಲ. ಅನೇಕರು ಆಸ್ಪತ್ರೆಯ ಗೋಡೆಗಳ ನಡುವೆಯೇ ಆಯುಷ್ಯವನ್ನು ಸವೆಸುತ್ತಿದ್ದರು. ಆ ಕೊರತೆಯನ್ನು ನೀಗಿಸಿದವರು ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಾಳಾಗಿ ಸಿಂಗಪುರದ ಚಾಂಗಿಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಕೇಡ್, ಬಿಡುಗಡೆಯಾದ ಮೇಲೆ ಮೆಲ್ಬರ್ನ್ ಬಳಿಯ ಬಂಡೂರದ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತರು. ಅಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಅಡುಗೆಯ ಉಗ್ರಾಣವೇ ಅವರ ಪ್ರಯೋಗಶಾಲೆಯಾಯಿತು.

ಉನ್ಮಾದಕ್ಕೆ ದೇಹದಲ್ಲಿನ ಯಾವುದೋ ವಿಷ ಕಾರಣವಿರಬೇಕೆಂಬುದು ಕೇಡ್ ಅವರ ಊಹೆ. ಅದನ್ನು ಪರೀಕ್ಷಿಸುವಾಗ ಲಿಥಿಯಂ ಎಂಬ ಹಗುರವಾದ ಲೋಹದ ಲವಣವನ್ನು ಗಿನಿ ಇಲಿಗಳಿಗೆ ಚುಚ್ಚಿದರು. ಸದಾ ಚಡಪಡಿಸುವ ಆ ಪ್ರಾಣಿಗಳು ಎರಡು ಗಂಟೆಗಳ ತರುವಾಯ ಅಂಗಾತ ಮಲಗಿಸಿದರೂ ಸುಮ್ಮನಿದ್ದವು. ಕೇಡ್ ಅವರ ಮೂಲ ಊಹೆ ನಿಲ್ಲಲಿಲ್ಲ. ಆದರೆ ಅವರ ಕಣ್ಣಿಗೆ ಬಿದ್ದ ಈ ಸಂಗತಿ ವ್ಯರ್ಥವಾಗಲಿಲ್ಲ.

1948ರ ಮಾರ್ಚ್ ತಿಂಗಳಲ್ಲಿ ಅವರು 51 ವರ್ಷದ ಒಬ್ಬ ರೋಗಿಗೆ ಲಿಥಿಯಂ ಕೊಡಲು ಆರಂಭಿಸಿದರು. ಐದು ವರ್ಷಗಳಿಂದ ಉನ್ಮಾದದಲ್ಲಿದ್ದ ಆತನು ಆ ವಿಭಾಗದಲ್ಲೇ ಅತಿ ಹೆಚ್ಚು ಕಾಟ ಕೊಡುವವನೆಂದು ಹೆಸರಾಗಿದ್ದನು. ಕೆಲವೇ ದಿನಗಳಲ್ಲಿ ಆತನು ಶಾಂತನಾದನು. ಜುಲೈ ತಿಂಗಳಲ್ಲಿ ಮನೆಗೆ ಹೋಗಿ ತನ್ನ ಹಳೆಯ ಉದ್ಯೋಗವನ್ನು ಮತ್ತೆ ಹಿಡಿದನು. ಆದರೆ ಗುಣವಾಯಿತಲ್ಲ ಎಂಬ ಭಾವನೆಯಿಂದ ಔಷಧವನ್ನು ಅಸಡ್ಡೆ ಮಾಡಿ, ಕಡೆಗೆ ನಿಲ್ಲಿಸಿಯೇಬಿಟ್ಟನು. 1949ರ ಜನವರಿಯಲ್ಲಿ ಅದೇ ಉನ್ಮಾದದೊಡನೆ ಆಸ್ಪತ್ರೆಗೆ ಮರಳಿದನು. ಔಷಧ ಕೊಟ್ಟೊಡನೆ ಮತ್ತೆ ಚೇತರಿಸಿಕೊಂಡನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಡ್ ಹತ್ತು ಮಂದಿ ಉನ್ಮಾದ ರೋಗಿಗಳ ವಿವರವನ್ನು ಆಸ್ಟ್ರೇಲಿಯದ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು.

ಕಥೆ ಇಲ್ಲಿಗೆ ಸುಖಾಂತವಾಗಲಿಲ್ಲ. ಲಿಥಿಯಂ ಪ್ರಮಾಣ ಮೀರಿದರೆ ವಿಷವೇ ಆಗುತ್ತದೆ. 1950ರಲ್ಲಿ ಆ ಮೊದಲ ರೋಗಿ ಅದರ ವಿಷಪರಿಣಾಮದಿಂದಲೇ ತೀರಿಕೊಂಡನು. ಮನನೊಂದ ಕೇಡ್ ಅದರ ಬಳಕೆಯನ್ನು ಕೈಬಿಟ್ಟರು. ಆದರೆ ರಕ್ತದಲ್ಲಿ ಲಿಥಿಯಂ ಎಷ್ಟಿದೆಯೆಂದು ಅಳೆದು ಕೊಟ್ಟರೆ ಅಪಾಯವನ್ನು ತಪ್ಪಿಸಬಹುದೆಂದು ಮೆಲ್ಬರ್ನಿನ ಇತರ ಸಂಶೋಧಕರು ತೋರಿಸಿದರು. 1954ರಲ್ಲಿ ಡೆನ್ಮಾರ್ಕಿನ ಮೊಗೆನ್ಸ್ ಶೌ ಮತ್ತು ಸಂಗಡಿಗರು ಕ್ರಮಬದ್ಧವಾದ ಪರೀಕ್ಷೆಯಿಂದ ಔಷಧದ ಗುಣವನ್ನು ಸ್ಥಿರಪಡಿಸಿದರು. ರೋಗವು ಮರುಕಳಿಸುವುದನ್ನೂ ಅದು ತಡೆಯುತ್ತದೆಂದು ಮುಂದೆ ತಿಳಿದುಬಂದಿತು.

ಇಂದು ಲಿಥಿಯಂ ಅಲ್ಲದೆ ಬೇರೆ ಔಷಧಗಳೂ ಇವೆ. ಯಾರಿಗೆ ಯಾವುದು ತಕ್ಕುದೆಂದು ವೈದ್ಯರೇ ನಿರ್ಧರಿಸಬೇಕು. ಲಿಥಿಯಂ ಸೇವಿಸುವವರು ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಿಕೊಂಡು ಮೂತ್ರಪಿಂಡ, ಥೈರಾಯ್ಡ್ ಗ್ರಂಥಿಗಳ ಸ್ಥಿತಿಯನ್ನೂ ತಿಳಿಯಬೇಕು. ಬಿರುಬೇಸಿಗೆಯಲ್ಲಿ ಹೆಚ್ಚು ಬೆವರಿದಾಗ, ವಾಂತಿಭೇದಿಯಾದಾಗ ದೇಹದಲ್ಲಿ ನೀರು ಮತ್ತು ಉಪ್ಪು ಕಡಮೆಯಾಗಿ ಔಷಧದ ಪ್ರಮಾಣ ರಕ್ತದಲ್ಲಿ ಏರುತ್ತದೆ. ಕೈಗಳು ಬಲವಾಗಿ ನಡುಗಿದರೆ, ನಡಿಗೆ ತಡವರಿಸಿದರೆ, ಮಾತು ತೊದಲಿದರೆ ಕೂಡಲೆ ಆಸ್ಪತ್ರೆಗೆ ಹೋಗಬೇಕು. ಹೊತ್ತಿಗೆ ಸರಿಯಾದ ನಿದ್ರೆ, ಮನೆಯವರ ಸಹನೆಯ ಮಾತು ಇವೂ ಚಿಕಿತ್ಸೆಯ ಅಂಗಗಳೇ. ಹೀಗೆ ಎಚ್ಚರದಿಂದ ನಡೆದುಕೊಂಡು ಓದು, ಉದ್ಯೋಗ, ಸಂಸಾರಗಳನ್ನು ಸಾಗಿಸುವವರು ಅನೇಕರಿದ್ದಾರೆ.

ಕರ್ನಾಟಕದಲ್ಲಿ ಇಂತಹ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಪ್ರಸಿದ್ಧವಾಗಿದೆ. ದೂರದ ಹಳ್ಳಿಯವರಿಗೂ ಚಿಕಿತ್ಸೆ ದೊರೆಯಲೆಂದು ಈ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳಲ್ಲಿ ನಡೆಸಿದ ಪ್ರಯೋಗವೇ ಮಾದರಿಯಾಗಿ, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. 2022ರಿಂದ ಸರ್ಕಾರದ ‘ಟೆಲಿ ಮನಸ್’ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಸಲಹೆ ನೀಡುತ್ತಿದೆ.

ಜ್ವರ ಬಂದವನನ್ನು ಯಾರೂ ಹಳಿಯುವುದಿಲ್ಲ. ಮನಸ್ಸಿನ ರೋಗಕ್ಕೂ ಅದೇ ನ್ಯಾಯ ಸಲ್ಲಬೇಕು. ಗೆಳೆಯನು ಹಲವು ದಿನ ನಿದ್ರೆಯಿಲ್ಲದೆ ಉಬ್ಬಿದರೆ, ಗೆಳತಿಯು ಬದುಕು ಬೇಡವೆಂದು ನುಡಿದರೆ, ಅದನ್ನು ಗುಟ್ಟಾಗಿಡದೆ ತಾಯಿತಂದೆಯರಿಗೋ ಉಪಾಧ್ಯಾಯರಿಗೋ ಅಂದೇ ತಿಳಿಸುವುದು ವಿದ್ಯಾರ್ಥಿಗಳಿಂದ ಆಗಬಹುದಾದ ದೊಡ್ಡ ಉಪಕಾರ.

ಅಭ್ಯಾಸ

1. ಉನ್ಮಾದ ಮತ್ತು ಖಿನ್ನತೆಯ ಲಕ್ಷಣಗಳನ್ನು ಹೋಲಿಸಿ ಬರೆಯಿರಿ.
2. ವೈದ್ಯರು ರೋಗಿಯ ಮನೆಯವರನ್ನೂ ವಿಚಾರಿಸುವುದು ಏಕೆ?
3. ಕೇಡ್ ಅವರ ಮೊದಲ ರೋಗಿಯ ಕಥೆಯಿಂದ ತಿಳಿಯಬೇಕಾದ ಎರಡು ಎಚ್ಚರಿಕೆಗಳು ಯಾವುವು?