ಗೃಹಸಾಲದ ಲೆಕ್ಕವನ್ನು ಪರರಿಗೆ ಒಪ್ಪಿಸುವ ಮುನ್ನ

ಬೇಲೆಕೇರಿಯ ಬಂದರಿನಲ್ಲಿ ಮೀನು ತುಂಬಿಸಿಕೊಂಡು, ಬುಟ್ಟಿ ಹೊತ್ತು ಅಂಕೋಲೆಯ ಪೇಟೆಗೆ ಹೋಗಿ ಮಾರಿ, ಹೊತ್ತು ಇಳಿದ ಮೇಲೆ ಸೆರಗಿನ ಗಂಟಿನಲ್ಲಿ ಮನೆಸಾಲದ ಕಂತನ್ನು ಕಟ್ಟಿಕೊಂಡು ಸಂಘದ ಬಾಗಿಲಿಗೆ ಬಂದ ಹೆಣ್ಣುಮಗಳಿಗೆ, ಕಾರ್ಯದರ್ಶಿಗಳು ಊರಿನಲ್ಲಿಲ್ಲ, ನಾಳೆ ಬನ್ನಿ ಎಂಬ ಉತ್ತರ ದೊರೆತರೆ, ಆ ಹಣ ನಾಳೆಯವರೆಗೆ ಗಂಟಿನಲ್ಲಿಯೇ ಉಳಿದೀತೆಂದು ಯಾರೂ ಹೇಳಲಾರರು. ಲಾಭದ ಅಪೇಕ್ಷೆಯಿಲ್ಲದೆ ಬಡವರಿಗೆ ಮನೆ ಕಟ್ಟಿಸಿಕೊಡುವ ಸಹಕಾರ ಸಂಘಗಳಲ್ಲಿ ಇಂತಹ ಪ್ರಸಂಗಗಳು ಒದಗುವುದು ಸದುದ್ದೇಶದ ಅಭಾವದಿಂದಲ್ಲ, ಹದಿನೈದಿಪ್ಪತ್ತು ವರ್ಷ ನಡೆಯತಕ್ಕ ನೂರಾರು ಸಾಲಗಳ ಲೆಕ್ಕವನ್ನು ಇಬ್ಬರು ಮೂವರು ಗೌರವ ಕಾರ್ಯಕರ್ತರು ಬಿಡುವಿನ ವೇಳೆಯಲ್ಲಿ ಬರೆಯಬೇಕಾಗಿರುವುದರಿಂದ.

ಕಂತು ಸ್ವೀಕರಿಸುವುದು, ರಸೀದಿ ಕೊಡುವುದು, ಅಸಲು ಬಡ್ಡಿಗಳನ್ನು ವಿಂಗಡಿಸುವುದು, ಸುಸ್ತಿಯಾದಾಗ ತಿಳಿವಳಿಕೆ ಪತ್ರ ಕಳುಹಿಸುವುದು, ಸಾಲ ತೀರಿದಾಗ ಕಾಗದಪತ್ರಗಳನ್ನು ಹಿಂತಿರುಗಿಸುವುದು, ಈ ಕೆಲಸಗಳನ್ನು ಶುಲ್ಕ ಕೊಟ್ಟು ಹೊರಗಿನ ಸಂಸ್ಥೆಗೆ ವಹಿಸುವ ಪದ್ಧತಿ ಹೊಸದೇನಲ್ಲ. 1976ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿಯ ಸ್ಥಳೀಯ ಶಾಖೆಗಳಲ್ಲಿ ಅನೇಕವು ಹೀಗೆಯೇ ನಡೆಯುತ್ತಿವೆ. ನಮ್ಮಲ್ಲಿಯೂ, ಗೃಹಸಾಲಕ್ಕೆ ಅಲ್ಲದಿದ್ದರೂ, 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಬ್ಯಾಂಕುಗಳ ವ್ಯವಹಾರ ಪ್ರತಿನಿಧಿಯಾಗಿ, ಸಾಲ ಬ್ಯಾಂಕಿನದು, ಮನೆಬಾಗಿಲಿನ ಲೆಕ್ಕ ತನ್ನದು ಎಂಬ ಏರ್ಪಾಟಿನಲ್ಲಿ ಸ್ವಸಹಾಯ ಸಂಘಗಳ ನಡುವೆ ಕೆಲಸ ಮಾಡುತ್ತಿದೆ. ಆದರೆ ಲೆಕ್ಕವನ್ನು ಒಪ್ಪಿಸಬಹುದೇ ಹೊರತು ಹೊಣೆಯನ್ನು ಒಪ್ಪಿಸಲಾಗದು ಎಂಬ ಮಾತನ್ನು ಆಡಳಿತ ಮಂಡಳಿಯ ಪ್ರತಿಯೊಬ್ಬ ಸದಸ್ಯನೂ ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಹೆಜ್ಜೆಗಳನ್ನಿಡಬೇಕು.

ಮೊದಲನೆಯ ಕಾರ್ಯ ಸ್ವಂತ ಮನೆಯನ್ನು ಸರಿಪಡಿಸಿಕೊಳ್ಳುವುದು. ಪ್ರತಿಯೊಂದು ಸಾಲದ ಬಾಕಿಯನ್ನು ಸಂಘದ ಖತಾವಣಿ, ಸಾಲಗಾರನ ಪಾಸ್ ಪುಸ್ತಕ, ಬ್ಯಾಂಕಿನ ಜಮಾ ಇವು ಮೂರರಲ್ಲಿಯೂ ತಾಳೆ ನೋಡಿ, ಅದಕ್ಕೆ ಸಾಲಗಾರನ ಸಹಿ ಪಡೆಯಬೇಕು. ಇದೇ ಕರಾವಳಿಯ ಒಂದು ಸಂಘದಲ್ಲಿ, ಮಳೆನೀರು ಕುಡಿದು ಅಂಚು ಉಬ್ಬಿದ ಪಾಸ್ ಪುಸ್ತಕವೊಂದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದರಲ್ಲಿ ಮೂರು ಕಂತುಗಳಿಗೆ ಸಹಿಯಿತ್ತು, ಕಿರ್ದಿಯಲ್ಲಿ ಆ ಮೂರಕ್ಕೂ ನಮೂದಿರಲಿಲ್ಲ. ಅಂತಹ ಲೆಕ್ಕವನ್ನು ಹಾಗೆಯೇ ಕಂಪ್ಯೂಟರಿಗೆ ಏರಿಸಿದಲ್ಲಿ, ಪ್ರಾಮಾಣಿಕನಾದ ಸಾಲಗಾರ ಒಂದೇ ರಾತ್ರಿಯಲ್ಲಿ ಸುಸ್ತಿದಾರನಾಗುತ್ತಾನೆ. ಹಕ್ಕುಪತ್ರ, ಪಹಣಿ ಅಥವಾ ಇ-ಸ್ವತ್ತಿನ ನಮೂನೆಗಳು, ಋಣಭಾರ ಪ್ರಮಾಣಪತ್ರ, ಅಡಮಾನ ಪತ್ರ, ಇವುಗಳಿಗೂ ಕಡತವಾರು ಪಟ್ಟಿ ಸಿದ್ಧವಾಗಲಿ. ಮೂಲಪತ್ರಗಳು ಸಂಘದ ಅಥವಾ ಬ್ಯಾಂಕಿನ ಭದ್ರ ಕಪಾಟಿನಲ್ಲಿಯೇ ಇರತಕ್ಕದ್ದು. ಹೊರಗಿನವರಿಗೆ ನಕಲು ಸಾಕು.

ತರುವಾಯ, ಯಾವುದನ್ನು ಕೊಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಮಂಡಳಿಯು ನಿರ್ಣಯ ರೂಪದಲ್ಲಿ ಬರೆದಿಡಬೇಕು. ರಿಜರ್ವ್ ಬ್ಯಾಂಕು 2017ರಲ್ಲಿ ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ಹೊರಡಿಸಿದ ನಿರ್ದೇಶನಗಳಲ್ಲಿ ಸಾಲ ಮಂಜೂರಾತಿ, ಆಂತರಿಕ ಲೆಕ್ಕ ಪರಿಶೋಧನೆ ಮುಂತಾದ ಮೂಲ ಕಾರ್ಯಗಳನ್ನು ಹೊರಗೆ ಕೊಡಕೂಡದೆಂದು ವಿಧಿಸಿದೆ. ಸಹಕಾರ ಸಂಘಕ್ಕೆ ಇದು ನೇರವಾಗಿ ಅನ್ವಯಿಸದಿದ್ದರೂ ಒಳ್ಳೆಯ ಮೇಲ್ಪಂಕ್ತಿಯೇ ಸರಿ. ಸಾಲ ಕೊಡುವುದು, ಅವಧಿ ವಿಸ್ತರಿಸುವುದು, ಬಡ್ಡಿ ಮನ್ನಾ ಮಾಡುವುದು, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯಂತೆ ದಾವೆ ಹೂಡುವುದು, ಇವುಗಳಲ್ಲಿ ಒಂದನ್ನೂ ಪರರ ಕೈಗೆ ಬಿಡಬಾರದು.

ಸಂಸ್ಥೆಯನ್ನು ಆರಿಸುವಾಗ ಕಡಿಮೆ ದರಕ್ಕೆ ಮರುಳಾಗದೆ, ಅದು ಈಗಾಗಲೇ ಸೇವೆ ಸಲ್ಲಿಸುತ್ತಿರುವ ಎರಡು ಸಂಘಗಳಿಗೆ ಖುದ್ದಾಗಿ ಹೋಗಿ, ಪದಾಧಿಕಾರಿಗಳನ್ನಲ್ಲದೆ ಸಾಲಗಾರರನ್ನೂ ವಿಚಾರಿಸಿರಿ. ದೂರವಾಣಿಯಲ್ಲಿ ಕನ್ನಡದಲ್ಲಿಯೂ, ಸಾಧ್ಯವಾದರೆ ಕೊಂಕಣಿಯಲ್ಲಿಯೂ ಉತ್ತರಿಸುವವರು ಇದ್ದಾರೆಯೆ ಎಂಬುದು ಕಾರವಾರ ಅಂಕೋಲೆಗಳ ಮಟ್ಟಿಗೆ ಸಣ್ಣ ಪ್ರಶ್ನೆಯಲ್ಲ.

ಕರಾರು ಪತ್ರವೇ ಈ ವ್ಯವಹಾರದ ಜೀವ. ಆದುದರಿಂದ ಇಲ್ಲಿ ತುಸು ನಿಧಾನಿಸೋಣ. ಸಂಗ್ರಹವಾದ ಹಣವು ಆ ಸಂಸ್ಥೆಯ ಖಾತೆಯನ್ನು ಹಾದು ಬರದೆ ನೇರವಾಗಿ ಸಂಘದ ಹೆಸರಿನ ಪ್ರತ್ಯೇಕ ಖಾತೆಗೆ ಜಮೆಯಾಗಬೇಕು. ಶುಲ್ಕವು ತಿಂಗಳಿಗೆ ಖಾತೆಯೊಂದಕ್ಕೆ ಇಂತಿಷ್ಟು ಎಂದಿರಲಿ. ಸುಸ್ತಿ ವಸೂಲಿಯ ಮೇಲೆ ಶೇಕಡಾವಾರು ಎಂದಾದರೆ ಸಾಲಗಾರನ ಕಷ್ಟವೇ ಅವರ ಆದಾಯವಾಗುತ್ತದೆ, ಇದನ್ನು ನಾನು ಸರ್ವಥಾ ಒಪ್ಪಲಾರೆ. ಇನ್ನು ಕಂತಿನ ಕ್ರಮ. ಶೇ 9ರ ಬಡ್ಡಿಯಲ್ಲಿ 15 ವರ್ಷಕ್ಕೆ ಕೊಟ್ಟ 3,00,000 ರೂಪಾಯಿ ಸಾಲಕ್ಕೆ ಮಾಸಿಕ ಕಂತು ಸುಮಾರು 3,043 ರೂಪಾಯಿ; ಮೊದಲ ತಿಂಗಳಿನಲ್ಲಿ ಅದರೊಳಗಿನ 2,250 ಬಡ್ಡಿಗೆ ಸಂದು ಅಸಲಿಗೆ ಉಳಿಯುವುದು 793 ಮಾತ್ರ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಕಡಲಿಗಿಳಿಯಲು ನಿಷೇಧವಿರುವ ಊರಿನಲ್ಲಿ ಈ ಕಂತನ್ನು ಹನ್ನೆರಡು ತಿಂಗಳೂ ಕೇಳುವುದೆಂದರೆ, ಎರಡು ತಿಂಗಳ ಸುಸ್ತಿಯನ್ನು ನಾವೇ ನಿಶ್ಚಯಿಸಿಟ್ಟಂತೆ. ಅದೇ ವಾರ್ಷಿಕ ಮೊತ್ತವನ್ನು ಹತ್ತು ಕಂತುಗಳಾಗಿ, ತಲಾ 3,650ರ ಆಸುಪಾಸಿನಲ್ಲಿ ನಿಗದಿಪಡಿಸುವ ಸೌಕರ್ಯ ಅವರ ಗಣಕ ವ್ಯವಸ್ಥೆಯಲ್ಲಿ ಉಂಟೋ ಇಲ್ಲವೋ ಎಂಬುದನ್ನು ಸಹಿಗೆ ಮುಂಚೆಯೇ ತೋರಿಸಿಕೊಳ್ಳಿರಿ. ಇಲ್ಲವಾದಲ್ಲಿ ಆ ಸಂಸ್ಥೆ ನಮ್ಮ ಊರಿಗೆ ತಕ್ಕುದಲ್ಲ.

ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಅನಂತರ ವಸೂಲಿಗಾಗಿ ಕರೆ ಮಾಡಕೂಡದೆಂಬ ರಿಜರ್ವ್ ಬ್ಯಾಂಕಿನ 2022ರ ಸೂಚನೆಯನ್ನು ಕರಾರಿನಲ್ಲಿ ಅಳವಡಿಸಿರಿ. ಬಲಾತ್ಕಾರದ ವಸೂಲಿಯನ್ನು ತಡೆಯಲು ನಮ್ಮ ರಾಜ್ಯವು 2025ರಲ್ಲಿ ಕಿರುಸಾಲಗಳ ವಿಷಯವಾಗಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತೆಂಬುದನ್ನು ಮರೆಯಬಾರದು. ಸಾಲಗಾರರ ಮಾಹಿತಿಯ ಗೋಪ್ಯತೆ, ಕರಾರು ಮುರಿದಾಗ ಸಮಸ್ತ ದಾಖಲೆಗಳನ್ನೂ ಓದಲು ಬರುವ ರೂಪದಲ್ಲಿ ಹಿಂತಿರುಗಿಸುವ ಷರತ್ತು, ಇವೂ ಇರಲಿ.

ಕರಾರಾದ ಮೇಲೆ ಪ್ರತಿಯೊಬ್ಬ ಸಾಲಗಾರನಿಗೂ, ಇನ್ನು ಮುಂದೆ ಹಣವನ್ನು ಎಲ್ಲಿ ಕಟ್ಟಬೇಕು, ಯಾರನ್ನು ಕೇಳಬೇಕು ಎಂಬುದನ್ನು ತಿಳಿಸುವ ಪತ್ರವನ್ನು ಸಂಘದ ಮೊಹರಿನೊಡನೆ ಕೈಗೇ ತಲಪಿಸಬೇಕು. ಇಲ್ಲವಾದರೆ ವಂಚಕರಿಗೆ ಅದೇ ಸುಸಮಯ. ಮೊದಲ ಮೂರು ತಿಂಗಳು ಹಳೆಯ ಖತಾವಣಿಯನ್ನೂ ಬರೆಯುತ್ತಾ ಎರಡನ್ನೂ ತಾಳೆ ಹಾಕಿರಿ. ಅನಂತರವೂ ತಿಂಗಳಿಗೊಮ್ಮೆ ವರದಿಯನ್ನು ತರಿಸಿಕೊಂಡು, ಎರಡು ಕಂತು ತಪ್ಪಿದವರ ಮನೆಗೆ ಸಂಘದ ಸದಸ್ಯರೇ ಹೋಗಿ ಬರಬೇಕು.

ನಮ್ಮ ಕೆನರಾ ಸೀಮೆಯಿಂದ ಮುಂಬಯಿಗೆ ಹೋಗಿ ಬಾಡಿಗೆಯ ಕೋಣೆಗಳಲ್ಲಿ ನೆಲಸಿದ್ದ ಸಾರಸ್ವತ ಕುಟುಂಬಗಳಿಗಾಗಿ ಶ್ರೀಪಾದ ಸುಬ್ರಾವ್ ತಾಲ್ಮಕಿಯವರು 1915ರಲ್ಲಿ ಗಾಮದೇವಿಯಲ್ಲಿ ಗೃಹನಿರ್ಮಾಣ ಸಹಕಾರ ಸಂಘವನ್ನು ಕಟ್ಟಿದ ಕಾಲದಲ್ಲಿ ಗಣಕಯಂತ್ರವಿರಲಿಲ್ಲ. ಸದಸ್ಯರು ಪರಸ್ಪರರ ಮುಖ ಬಲ್ಲವರಾಗಿದ್ದರು. ಇಂದು ಯಂತ್ರ ಬಂದಿದೆ, ಬರಲಿ. ಕರಾರಿನ ಕನ್ನಡ ಪ್ರತಿಯನ್ನು ಮುಂದಿನ ವಾರ್ಷಿಕ ಮಹಾಸಭೆಯಲ್ಲಿ, ಮನೆ ಅಡವಿಟ್ಟವರ ಸಮಕ್ಷಮ, ಮೊದಲಿನಿಂದ ಕೊನೆಯವರೆಗೆ ಓದಿಸಿ, ಅವರ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲೆಯೇ ಸಹಿ ಹಾಕಿರಿ ಎಂದು ಸಂಘಗಳ ನಿರ್ದೇಶಕರಲ್ಲಿ ನನ್ನ ವಿನಂತಿ.