ಮಾಂಸಖಂಡಗಳ ಬೆಳವಣಿಗೆ ಮತ್ತು ದುರಸ್ತಿ

ಭಾರದ ಮೂಟೆಯನ್ನು ಎತ್ತುವಾಗ ಅಥವಾ ಗದ್ದೆಯಲ್ಲಿ ಕಾಲು ಜಾರಿದಾಗ ಮಾಂಸಖಂಡಕ್ಕೆ ಪೆಟ್ಟಾಗುವುದುಂಟು. ಕೆಲವು ವಾರಗಳಲ್ಲಿ ಅದು ಬಹುಮಟ್ಟಿಗೆ ವಾಸಿಯಾಗುತ್ತದೆ. ಈ ದುರಸ್ತಿಯನ್ನು ಮಾಡುವವರು ಯಾರು? ಪತಿಪತ್ನಿಯರಿಬ್ಬರೂ ಇದನ್ನು ತಿಳಿದಿರುವುದು ಅವಶ್ಯಕ.

ಹುರಿಗಳು ಸೇರಿ ಹಗ್ಗವಾಗುವಂತೆ, ಅಸಂಖ್ಯಾತ ಎಳೆಗಳು ಸೇರಿ ಮಾಂಸಖಂಡವಾಗಿದೆ. ಪ್ರತಿಯೊಂದು ಎಳೆಯ ಹೊರಪೊರೆಯ ಅಡಿಯಲ್ಲಿ ಅತಿ ಸಣ್ಣ ಜೀವಕೋಶಗಳು ಅಂಟಿಕೊಂಡಿರುತ್ತವೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿಯು ಕಪ್ಪೆಯ ಮಾಂಸಖಂಡದಲ್ಲಿ ಇವುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಕಂಡು, ‘ಉಪಗ್ರಹ ಕೋಶ’ಗಳೆಂದು ಹೆಸರಿಟ್ಟರು. ಇವೇ ಮಾಂಸಖಂಡದ ಆಕರಕೋಶಗಳು.

ಸಾಮಾನ್ಯವಾಗಿ ಇವು ಕಣಜದಲ್ಲಿಟ್ಟ ಬಿತ್ತನೆಯ ಬೀಜದಂತೆ ಸುಮ್ಮನಿರುತ್ತವೆ. ಎಳೆ ಹರಿದಾಗ ಎಚ್ಚೆತ್ತು, ಒಂದು ಎರಡಾಗಿ, ಎರಡು ನಾಲ್ಕಾಗಿ ವೃದ್ಧಿಯಾಗುತ್ತವೆ. ಬಳಿಕ ಹರಿದ ಎಳೆಯೊಡನೆ ಬೆಸೆದುಕೊಳ್ಳುತ್ತವೆ. ಇಲ್ಲವೆ ತಮ್ಮತಮ್ಮಲ್ಲಿ ಕೂಡಿ ಹೊಸ ಎಳೆಯಾಗುತ್ತವೆ. ರೈತನು ಮುಂದಿನ ಬಿತ್ತನೆಗೆಂದು ಬೀಜ ಉಳಿಸುವಂತೆ, ಕೆಲವು ಕೋಶಗಳು ಮತ್ತೆ ತಮ್ಮ ಸ್ಥಾನದಲ್ಲಿ ಸುಪ್ತವಾಗಿ ಉಳಿಯುತ್ತವೆ. ಗಾಯವು ಬಹಳ ದೊಡ್ಡದಾಗಿದ್ದರೆ ಮಾತ್ರ ಮಾಂಸದ ಬದಲು ಗಡುಸಾದ ನಾರು ತುಂಬಿಕೊಳ್ಳುತ್ತದೆ.

ಮಗುವಿನ ಬೆಳವಣಿಗೆಯಲ್ಲಿಯೂ ಇವುಗಳ ಪಾತ್ರ ಹಿರಿದು. ಮಾಂಸಖಂಡದ ಎಳೆಗಳ ಸಂಖ್ಯೆಯು ಬಹುಮಟ್ಟಿಗೆ ತಾಯಿಯ ಗರ್ಭದಲ್ಲಿಯೇ ನಿರ್ಧಾರವಾಗುತ್ತದೆ. ಜನನಾನಂತರ ಆ ಎಳೆಗಳು ಉದ್ದವಾಗಿ, ದಪ್ಪವಾಗಿ ಬೆಳೆಯುವಾಗ ಉಪಗ್ರಹ ಕೋಶಗಳು ಅವುಗಳೊಡನೆ ಸೇರಿ ನೆರವಾಗುತ್ತವೆ. ಆದುದರಿಂದ ಗರ್ಭಿಣಿಯ ಊಟವು ಆಕೆಯೊಬ್ಬಳದೇ ಅಲ್ಲ. ಹೆಚ್ಚು ಉಂಡರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾದೀತೆಂದು ಆಕೆಯ ಊಟವನ್ನು ಕಡಿಮೆ ಮಾಡುವುದು ತಪ್ಪು. ಮನೆಮಂದಿ ಉಂಡು ಮಿಕ್ಕುದನ್ನು ಆಕೆ ಉಣ್ಣುವ ವಾಡಿಕೆಯನ್ನು ಪತಿಯೇ ಮುಂದಾಗಿ ಬಿಡಿಸಬೇಕು.

ನೀವು ನೆನಪಿಡಬೇಕಾದ ಅಂಶಗಳು:

1. ರಾಗಿ, ಜೋಳ, ಅಕ್ಕಿಯೊಡನೆ ಬೇಳೆ, ಹುರುಳಿ, ಅಲಸಂದೆ, ಕಡಲೆಕಾಯಿ, ಹಾಲು ಇವುಗಳನ್ನು ಬಳಸಿರಿ. ರೂಢಿಯುಳ್ಳವರು ಮೊಟ್ಟೆ, ಮೀನುಗಳನ್ನೂ ಸೇವಿಸಬಹುದು.

2. ಮಗುವಿಗೆ 6 ತಿಂಗಳು ತುಂಬುವವರೆಗೆ ಎದೆಹಾಲನ್ನು ಮಾತ್ರ ಕೊಡಿರಿ. ಅನಂತರ ಎದೆಹಾಲಿನೊಡನೆ ಮೆತ್ತಗಿನ ಆಹಾರವನ್ನು ಪ್ರಾರಂಭಿಸಿರಿ.

3. ಪೆಟ್ಟಾದ ಕೂಡಲೆ ಆ ಜಾಗವನ್ನು ಬಲವಾಗಿ ತಿಕ್ಕಿಸಬೇಡಿರಿ. ಒಳಗಿನ ರಕ್ತಸ್ರಾವ ಹೆಚ್ಚಬಹುದು. ತಣ್ಣೀರಿನ ಬಟ್ಟೆ ಹಾಕಿ ವಿಶ್ರಾಂತಿ ಕೊಡಿರಿ. ನೋವು ಇಳಿದಂತೆ ಸ್ವಲ್ಪಸ್ವಲ್ಪವಾಗಿ ಆಡಿಸಿರಿ.

4. ಕೈಕಾಲು ಜಜ್ಜಿದ ಮೇಲೆ ಮೂತ್ರವು ಕಂದು ಬಣ್ಣಕ್ಕೆ ತಿರುಗಿದರೆ, ಅಥವಾ ಆ ಭಾಗ ಬಿಗಿದು ಜೋಮು ಹಿಡಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಿರಿ.

5. ವಯಸ್ಸಾದಂತೆ ಈ ಕೋಶಗಳ ಶಕ್ತಿ ಕುಗ್ಗುತ್ತದೆ. ಹಿರಿಯರನ್ನು ಸದಾ ಮಲಗಿರಲು ಬಿಡದೆ, ನಡೆದಾಡಲು ಪ್ರೋತ್ಸಾಹಿಸಿರಿ.

ದುಡಿಯುವ ಕುಟುಂಬಕ್ಕೆ ದೇಹವೇ ಆಸ್ತಿ. ಅದನ್ನು ದುರಸ್ತಿ ಮಾಡುವ ಕೋಶಗಳು ನಿಮ್ಮೊಳಗೇ ಇವೆ. ಅವುಗಳಿಗೆ ಬೇಕಾದ ಆಹಾರ, ವಿಶ್ರಾಂತಿ ಮತ್ತು ಹಿತಮಿತವಾದ ದುಡಿಮೆಯನ್ನು ಒದಗಿಸುವುದು ನಿಮ್ಮಿಬ್ಬರ ಕೈಯಲ್ಲಿದೆ.