ಮುಳುಗುವವರ ಸಾಮಗ್ರಿ: ಅಂಗಡಿಯಲ್ಲೋ, ಅಂತರ್ಜಾಲದಲ್ಲೋ?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿವೆ. ಕಡಲು ಇಲ್ಲಿಂದ ಬಹು ದೂರ. ಆದರೂ ಈ ಕಡೆಯ ತರುಣ ತರುಣಿಯರು ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪವನ್ನು ಸೇರಿ, ನೀರಿನೊಳಗೆ ಮುಳುಗಿ ಹವಳಗಳನ್ನೂ ಮೀನುಗಳನ್ನೂ ಕಂಡು ಬರುವುದುಂಟು. ಒಂದೆರಡು ಸಲ ಮುಳುಗಿದವರಿಗೆ ಸ್ವಂತ ಸಾಮಗ್ರಿ ಬೇಕೆನಿಸುವುದು ಸಹಜ. ದೊಡ್ಡಬಳ್ಳಾಪುರದ ಪೇಟೆಯಲ್ಲಿ ಮಗ್ಗದ ಬಿಡಿಭಾಗಗಳು ದೊರೆತಾವು. ಸ್ಕೂಬಾ ಸಾಮಗ್ರಿ ದೊರೆಯುವುದು ಕಷ್ಟ. ಬೆಂಗಳೂರಿನ ಅಂಗಡಿಗೆ ಹೋಗಬೇಕೇ, ಅಂತರ್ಜಾಲದ ಮೂಲಕ ಮನೆಗೇ ತರಿಸಬೇಕೇ? ಬೆಲೆಯೊಂದನ್ನೇ ನೋಡಿ ಇದಕ್ಕೆ ಉತ್ತರ ಹೇಳಲಾಗದು. ಮೊದಲು ನೀರಿನ ಒತ್ತಡದ ವಿಚಾರವನ್ನು ತಿಳಿಯಬೇಕು.

ಸಮುದ್ರದ ಮೇಲ್ಮೈಯಲ್ಲಿ ನಮ್ಮ ಮೇಲಿರುವುದು ಒಂದು ವಾಯುಮಂಡಲದ ಒತ್ತಡ. ನೀರಿನೊಳಗೆ ಪ್ರತಿ 10 ಮೀಟರಿಗೂ ಇನ್ನೊಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತದೆ. ಬಾಯ್ಲನ ನಿಯಮದಂತೆ, ಒತ್ತಡ ಇಮ್ಮಡಿಯಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆ. ಮುಖಗವಸಿನೊಳಗಿನ ಗಾಳಿಯೂ ಹೀಗೆಯೇ ಕುಗ್ಗುವುದರಿಂದ, ಮೂಗಿನಿಂದ ಸ್ವಲ್ಪ ಗಾಳಿಯನ್ನು ಅದರೊಳಗೆ ಬಿಟ್ಟು ಸರಿದೂಗಿಸಬೇಕು. ಮೂಗನ್ನು ಮುಚ್ಚದ ಈಜುಗನ್ನಡಕದಲ್ಲಿ ಇದು ಸಾಧ್ಯವಿಲ್ಲ. ಅದನ್ನು ಧರಿಸಿ ಆಳಕ್ಕಿಳಿದರೆ ಕಣ್ಣಿಗೆ ಅಪಾಯ.

ಮುಖಗವಸನ್ನು ಕೊಳ್ಳುವುದಕ್ಕೆ ಅಂಗಡಿಯೇ ಲೇಸು. ಪಟ್ಟಿಯನ್ನು ಕಟ್ಟದೆ ಅದನ್ನು ಮುಖಕ್ಕೆ ಇಟ್ಟು, ಮೂಗಿನಿಂದ ಮೆಲ್ಲನೆ ಉಸಿರೆಳೆದು ಕೈಬಿಡಬೇಕು. ಬೀಳದೆ ನಿಂತರೆ ಅಂಚು ಮುಖಕ್ಕೆ ಸರಿಯಾಗಿ ಕೂಡಿದೆಯೆಂದು ಅರ್ಥ. ಈ ಪರೀಕ್ಷೆಯನ್ನು ಚಿತ್ರ ನೋಡಿ ಮಾಡಲಾಗದು. ಒಬ್ಬರ ಮುಖಕ್ಕೆ ಒಪ್ಪಿದ್ದು ಮತ್ತೊಬ್ಬರಿಗೆ ಒಪ್ಪಬೇಕೆಂದಿಲ್ಲ. ಕಾಲಿನ ಈಜುರೆಕ್ಕೆ, ರಬ್ಬರಿನ ಉಡುಪುಗಳ ವಿಷಯವೂ ಇಂತಹುದೇ. ಉಸಿರುಕೊಳವೆ, ದೀಪ, ಚೀಲ ಮೊದಲಾದುವನ್ನು ಮಾತ್ರ ವಿವರಣೆಯನ್ನು ಓದಿ ತರಿಸಿದರೆ ಹೆಚ್ಚಿನ ಹಾನಿಯಿಲ್ಲ.

ರೆಗ್ಯುಲೇಟರಿನ ಮಾತು ಬೇರೆ. 1943ರಲ್ಲಿ ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾ ಎಂಬವರು ರೂಪಿಸಿದ ಉಪಕರಣದ ವಂಶದ್ದಿದು. ಸಿಲಿಂಡರಿನಲ್ಲಿರುವ ಸುಮಾರು 200 ಬಾರ್ ಒತ್ತಡದ ಗಾಳಿಯನ್ನು ಇದರ ಮೊದಲನೆಯ ಹಂತ, ಸುತ್ತಣ ನೀರಿಗಿಂತ ಸುಮಾರು 10 ಬಾರ್ ಹೆಚ್ಚಿನ ಮಟ್ಟಕ್ಕೆ ಇಳಿಸುತ್ತದೆ. ಬಾಯಲ್ಲಿರುವ ಎರಡನೆಯ ಹಂತ, ಉಸಿರೆಳೆದಾಗ ಮಾತ್ರ, ನೀರಿನ ಒತ್ತಡಕ್ಕೆ ಸಮನಾಗಿ ಗಾಳಿಯನ್ನು ಕೊಡುತ್ತದೆ. ಇದರೊಳಗಿನ ಉಂಗುರಗಳೂ ಕವಾಟಗಳೂ ಸವೆಯುತ್ತವೆ. ತಯಾರಕರು ಹೇಳಿದ ಅವಧಿಗೊಮ್ಮೆ ತರಬೇತಿ ಪಡೆದವರು ಇದನ್ನು ಬಿಚ್ಚಿ, ಸವೆದುದನ್ನು ಬದಲಿಸಬೇಕು. ಆದುದರಿಂದ ಕೊಳ್ಳುವ ಮೊದಲೇ ಮೂರು ಪ್ರಶ್ನೆಗಳನ್ನು ಕೇಳಬೇಕು: ಇದನ್ನು ಇಲ್ಲಿ ದುರಸ್ತಿ ಮಾಡುವವರು ಯಾರು? ಬಿಡಿಭಾಗಗಳು ದೊರೆಯುವುವೇ? ನಾವು ಹೋಗುವ ಕೇಂದ್ರದ ಸಿಲಿಂಡರಿಗೆ ಇದರ ಜೋಡಣೆ ಹೊಂದುವುದೇ? ಏಕೆಂದರೆ ಹಿಡಿಕೆಯಿಂದ ಕಚ್ಚಿಸುವ ಜೋಡಣೆ, ತಿರುಚಿ ಕೂಡಿಸುವ ಜೋಡಣೆ ಎಂದು ಎರಡು ಬಗೆಗಳಿವೆ. ಉತ್ತರ ಸಿಗದಿದ್ದರೆ, ಅರ್ಧ ಬೆಲೆಗೆ ಬಂದರೂ ಅದು ದುಬಾರಿಯೇ.

ಸಿಲಿಂಡರನ್ನು ಕೊಳ್ಳದಿರುವುದೇ ವಿವೇಕ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದ ಗಾಳಿ ಬಿಡುಗಡೆಯಾದರೆ 2400 ಲೀಟರಿನಷ್ಟಾಗುತ್ತದೆ. ಅಷ್ಟು ಶಕ್ತಿ ಅದರಲ್ಲಿ ಅಡಗಿದೆ. ನಮ್ಮ ದೇಶದಲ್ಲಿ ಇದು 2016ರ ಅನಿಲ ಸಿಲಿಂಡರು ನಿಯಮಗಳಿಗೆ ಒಳಪಟ್ಟಿದೆ. ಪರದೇಶದಿಂದ ತರಿಸಿದ, ಇಲ್ಲಿ ಅನುಮೋದನೆಯಿಲ್ಲದ ಸಿಲಿಂಡರಿಗೆ ಗಾಳಿ ತುಂಬಿಸುವುದೂ ಸಾಧ್ಯವಾಗದು. ಮುಳುಗುವ ಕೇಂದ್ರದಲ್ಲೇ ಅದನ್ನು ಬಾಡಿಗೆಗೆ ಪಡೆಯಬಹುದು.

ಅಂತರ್ಜಾಲದಲ್ಲಿ ಕೊಂಡವರಿಗೆ ರಕ್ಷಣೆಯಿಲ್ಲವೆಂದು ತಿಳಿಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದಲ್ಲಿಯೇ ದೂರು ಹೂಡಬಹುದು. 2020ರ ನಿಯಮಗಳಂತೆ ಇಂತಹ ಮಾರಾಟ ಸಂಸ್ಥೆ ದೂರು ಬಂದುದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆದರೆ ಕಾನೂನು ಹಣವನ್ನು ಹಿಂದಕ್ಕೆ ಕೊಡಿಸಬಲ್ಲದು. ಆಳದಲ್ಲಿ ಕೈಕೊಟ್ಟ ಉಪಕರಣದ ಬದಲಿಗೆ ಉಸಿರನ್ನು ಕೊಡಿಸಲಾರದು.

ನಮ್ಮ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾದ ಒಂದಂಶವಿದೆ. ಆಳದಲ್ಲಿ ಉಸಿರಾಡಿದಾಗ ಹೆಚ್ಚಿನ ಸಾರಜನಕ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕರಗುತ್ತದೆ. ಮೇಲೆ ಬಂದ ನಂತರ ನಿಧಾನವಾಗಿ ಹೊರಬೀಳುತ್ತದೆ. ಅದು ಹೊರಬೀಳುವ ಮೊದಲೇ ವಾಯುವಿನ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಏರಿದರೆ, ಸೋಡಾ ಬುಡ್ಡಿಯ ಮುಚ್ಚಳ ತೆಗೆದಂತೆ ಗುಳ್ಳೆಗಳೇಳಬಹುದು. ಒಮ್ಮೆ ಮುಳುಗಿದವರು 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ಕಾದು ವಿಮಾನವೇರಬೇಕೆಂಬ ಸಲಹೆ ಪ್ರಸಿದ್ಧವಾದುದು. ಅದು ಸುಮಾರು 600 ಮೀಟರಿನಿಂದ 2400 ಮೀಟರಿನವರೆಗಿನ ಎತ್ತರಕ್ಕೆ ಸಮನಾದ ಒತ್ತಡಕ್ಕೆ ಅನ್ವಯಿಸುತ್ತದೆ. ನಮ್ಮ ಊರುಗಳ ಎತ್ತರವೂ ಇದರೊಳಗೇ ಬರುತ್ತದೆ! ಬೆಳಗ್ಗೆ ನೇತ್ರಾಣಿಯಲ್ಲಿ ಮುಳುಗಿ, ಅಂದೇ ಘಟ್ಟವನ್ನೇರಿ ನೆಲಮಂಗಲಕ್ಕೆ ಮರಳುವುದು ಕ್ಷೇಮವಲ್ಲ. ಕರಾವಳಿಯಲ್ಲಿ ಒಂದು ರಾತ್ರಿ ತಂಗುವುದು ಲೇಸು. ಕೈಗೆ ಕಟ್ಟುವ ಮುಳುಗು ಕಂಪ್ಯೂಟರನ್ನು ಕೊಳ್ಳುವವರು, ಅದು ಈ ಕಾಯುವ ಅವಧಿಯನ್ನು ತೋರಿಸುವುದೇ, ಎತ್ತರದ ಕೆರೆಗಳಲ್ಲಿ ಮುಳುಗುವುದಕ್ಕೂ ಹೊಂದುವುದೇ ಎಂದು ವಿಚಾರಿಸಬೇಕು.

ಒಟ್ಟಿನಲ್ಲಿ, ಮೈಗೆ ಒಪ್ಪಬೇಕಾದುದನ್ನು ಅಂಗಡಿಯಲ್ಲಿ ತೊಟ್ಟು ನೋಡಿ ಕೊಳ್ಳಬೇಕು. ಉಸಿರನ್ನು ಕಾಯುವುದನ್ನು, ದುರಸ್ತಿ ಮಾಡುವವರನ್ನು ಗೊತ್ತುಮಾಡಿಕೊಂಡೇ ಕೊಳ್ಳಬೇಕು. ಉಳಿದುದನ್ನು ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳಬಹುದು. ಎಲ್ಲಕ್ಕಿಂತ ಮೊದಲು ಪಡೆಯಬೇಕಾದುದು ಸರಿಯಾದ ಶಿಕ್ಷಣ. ಅದು ಪೊಟ್ಟಣದಲ್ಲಿ ಬರುವುದಿಲ್ಲ.